ಅಂಗಾಲು ತಿರುಗಿಸಿ ನೋಡಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನಾಯಿ, ಬೆಕ್ಕುಗಳದ್ದೇ ಸಿಂಹಪಾಲು. ಈಚೆಗೆ ಗಿನಿಪಿಗ್ ಸಾಕಿದವರ ಪತ್ರಗಳೂ ಬರತೊಡಗಿವೆ. ಕಾರಣ ಊಹಿಸುವುದು ಕಷ್ಟವಲ್ಲ. ಎರಡು ಕೋಣೆಯ ಫ್ಲ್ಯಾಟು, ಸೊಸೈಟಿಯ ಹತ್ತೆಂಟು ನಿಯಮ, ಬೆಳಿಗ್ಗೆ ಎಂಟಕ್ಕೇ ಲೋಕಲ್ ಹಿಡಿಯುವ ಗಂಡ ಹೆಂಡತಿ, 'ನಂಗೊಂದು ಪ್ರಾಣಿ ಬೇಕೇ ಬೇಕು' ಎಂದು ಹಟ ಹಿಡಿದ ಮಗು. ನಾಯಿ ಸಾಕಲಾಗದ ಮನೆಗೆ ಗಿನಿಪಿಗ್ ಬರುತ್ತದೆ. ಬೊಗಳುವುದಿಲ್ಲ, ಬೀದಿ ಸುತ್ತಿಸುವ ಕೆಲಸವಿಲ್ಲ, ಮೂಲೆಯ ಒಂದು ಗೂಡಿನಲ್ಲಿ ಇರುತ್ತದೆ.

ಪುಣೆ, ಚೆನ್ನೈ, ಹೈದರಾಬಾದುಗಳಿಂದ ಬಂದ ಮೂರು ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಈ ತಿಂಗಳ ಅಂಕಣ ಬರೆಯುತ್ತಿದ್ದೇನೆ. ಮೂರರ ಸಾರವೂ ಒಂದೇ. 'ನಮ್ಮ ಗಿನಿಪಿಗ್ ಈಗೀಗ ಸೋಮಾರಿಯಾಗಿದೆ. ಮೊದಲಿನ ಹಾಗೆ ಓಡಾಡುವುದಿಲ್ಲ. ತಿನ್ನುತ್ತದೆ, ಕೂತಲ್ಲೇ ಕೂತಿರುತ್ತದೆ. ವಯಸ್ಸಾಯಿತೇ?' ಮೂವರಿಗೂ ನಾನು ಒಂದೇ ಮರುಪ್ರಶ್ನೆ ಹಾಕಿದೆ: 'ಅದರ ಅಂಗಾಲು ನೋಡಿದ್ದೀರಾ?' ಮೂವರೂ ನೋಡಿರಲಿಲ್ಲ. ನೋಡಿ ಫೋಟೊ ಕಳಿಸಿದ ಮೇಲೆ, ಮೂರರಲ್ಲಿ ಎರಡು ಪ್ರಾಣಿಗಳ ಹಿಂಗಾಲು ಕೆಂಪಾಗಿ ಊದಿಕೊಂಡದ್ದು ಕಾಣಿಸಿತು.

ಹೀಗಾಗಿ ಈ ಸಲ ಬೇರೆ ಎಲ್ಲವನ್ನೂ ಬದಿಗಿಟ್ಟು ಪಾದದ ಕಥೆಯನ್ನೇ ಹೇಳುತ್ತೇನೆ.

ನೋವನ್ನು ಬಚ್ಚಿಡುವ ಪ್ರಾಣಿ

ಗಿನಿಪಿಗ್ಗಿನ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಸೀಮೆ. ಹೆಸರಿನಲ್ಲಿ ಪಿಗ್ ಇದ್ದರೂ ಹಂದಿಗೂ ಅದಕ್ಕೂ ಸಂಬಂಧವಿಲ್ಲ. ಅದು ಇಲಿ, ಅಳಿಲುಗಳ ಹಾಗೆ ದಂಶಕ. ಹುಲ್ಲು ತಿಂದು ಬದುಕುವ, ಬೇರೆಯವರ ಹೊಟ್ಟೆಗೆ ಆಹಾರವಾಗುವ ಪ್ರಾಣಿ. ಅಂಥ ಪ್ರಾಣಿ ಕುಂಟಿದರೆ, ಹದ್ದಿನ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಅದಕ್ಕೇ ಸಾವಿರಾರು ವರ್ಷಗಳಿಂದ ಅದು ಕಲಿತಿರುವ ಪಾಠ ಒಂದೇ: ನೋವಾದರೂ ತೋರಿಸಬೇಡ. ನಾಯಿಗೆ ಮುಳ್ಳು ಚುಚ್ಚಿದರೆ ಕುಂಯ್‌ಗುಟ್ಟುತ್ತದೆ, ಕಾಲು ಎತ್ತಿ ತೋರಿಸುತ್ತದೆ. ಗಿನಿಪಿಗ್ ಸುಮ್ಮನೆ ಕೂರುತ್ತದೆ. ಆ ಸುಮ್ಮನಿರುವಿಕೆಯನ್ನು ನಾವು ಸೋಮಾರಿತನ ಎನ್ನುತ್ತೇವೆ, ಸಾಧು ಸ್ವಭಾವ ಎನ್ನುತ್ತೇವೆ, ಮುಪ್ಪು ಎನ್ನುತ್ತೇವೆ.

ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂಬುದು ಹಾಕಿಕೊಂಡವರಿಗೇ ಗೊತ್ತು ಅನ್ನುತ್ತಾರೆ. ಈ ಜೀವಕ್ಕೆ ಚಪ್ಪಲಿಯೂ ಇಲ್ಲ, ಹೇಳುವ ಬಾಯಿಯೂ ಇಲ್ಲ. ಮೊಲದ ಪಾದದ ಅಡಿಗೆ ದಟ್ಟವಾದ ಕೂದಲಾದರೂ ಇರುತ್ತದೆ. ಗಿನಿಪಿಗ್ಗಿನ ಅಂಗಾಲು ಬೋಳು. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳು, ಅವುಗಳ ಹಿಂದೆ ಮೆತ್ತನೆಯ ಬೋಳು ಚರ್ಮ. ಒಂದು ಕಿಲೋ ತೂಗುವ ಮೈ ದಿನವಿಡೀ ನಿಲ್ಲುವುದು ಆ ನಾಲ್ಕು ಪುಟ್ಟ ಚರ್ಮದ ತುಂಡುಗಳ ಮೇಲೆ.

ಆ ಚರ್ಮಕ್ಕೆ ಬರುವ ಮುಖ್ಯ ಕಾಯಿಲೆಯನ್ನು ವೈದ್ಯರು ಪೋಡೋಡರ್ಮಟೈಟಿಸ್ ಎನ್ನುತ್ತಾರೆ. ಸಾಕುವವರ ಬಾಯಲ್ಲಿ ಅದು ಬಂಬಲ್‌ಫುಟ್. ಊರಲ್ಲಿ ಕೋಳಿ ಸಾಕಿದವರು ಇದನ್ನು ಕಂಡಿರುತ್ತಾರೆ. ಕೋಳಿಯ ಪಾದದ ಅಡಿ ಗಂಟು ಕಟ್ಟಿ, ನಡುವೆ ಕಪ್ಪು ಹಕ್ಕಳೆ ಕೂತು, ಅದು ಒಂದೇ ಕಾಲಿನ ಮೇಲೆ ನಿಲ್ಲುತ್ತದಲ್ಲ, ಅದೇ ಜಾತಿಯ ಕಾಯಿಲೆ.

ಆರೋಗ್ಯದ ಅಂಗಾಲು ಹೇಗಿರುತ್ತದೆ?

ಕಾಯಿಲೆ ಗುರುತಿಸುವ ಮೊದಲು ಆರೋಗ್ಯ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗಬೇಕು. ಒಳ್ಳೆಯ ಅಂಗಾಲು ನಮ್ಮ ಕಿವಿಯ ಹಾಲೆಯಂತೆ ಮೆತ್ತಗಿರುತ್ತದೆ. ಒಣಗಿರುತ್ತದೆ, ಸ್ವಚ್ಛವಾಗಿರುತ್ತದೆ. ಬಣ್ಣ ತಿಳಿಗುಲಾಬಿಯೋ ಕಪ್ಪೋ ಎಂಬುದು ಮೈಬಣ್ಣಕ್ಕೆ ತಕ್ಕಂತೆ; ಒಂದೇ ಪ್ರಾಣಿಗೆ ಒಂದು ಕಾಲು ಕಪ್ಪು, ಒಂದು ಗುಲಾಬಿ ಇದ್ದರೂ ಆಶ್ಚರ್ಯವಿಲ್ಲ. ಹತ್ತಿರದಿಂದ ನೋಡಿದರೆ ಚರ್ಮದಲ್ಲಿ ಸಣ್ಣ ಸಣ್ಣ ಗೆರೆಗಳಿರುತ್ತವೆ.

ಕೆಡಲು ಶುರುವಾದಾಗ ಮೊದಲು ಮಾಯವಾಗುವುದು ಆ ಗೆರೆಗಳು. ಚರ್ಮ ಬಿಗಿದು ನುಣುಪಾಗಿ ಹೊಳೆಯುತ್ತದೆ, ಕೆಂಪೇರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಸಾಮಾನ್ಯವಾಗಿ ಹಿಂಗಾಲಿನ ಹಿಮ್ಮಡಿಯ ಕಡೆ, ಮುಂಗಾಲಿನಲ್ಲಿ ಬೆರಳುಗಳ ಹಿಂದಿನ ದಿಂಬಿನಲ್ಲಿ. ಇದು ಮೊದಲ ಹಂತ. ಈ ಹಂತದಲ್ಲಿ ಕೈಗೆ ಸಿಕ್ಕರೆ ಹೆಚ್ಚಿನ ವೇಳೆ ಔಷಧಿಯೇ ಬೇಕಾಗುವುದಿಲ್ಲ. ನೆಲ ಸರಿಮಾಡಿದರೆ ಪಾದ ತಾನೇ ಸರಿಹೋಗುತ್ತದೆ.

ಎರಡನೆಯ ಹಂತದಲ್ಲಿ ಚರ್ಮ ದಪ್ಪಗಾಗಿ ಆಣಿಯಂತೆ ಗಡುಸಾಗುತ್ತದೆ, ಹೊಟ್ಟು ಏಳುತ್ತದೆ, ಪಾದ ಊದಿಕೊಳ್ಳುತ್ತದೆ. ಮೂರನೆಯದರಲ್ಲಿ ಚರ್ಮ ಬಿರಿದು ಹುಣ್ಣಾಗುತ್ತದೆ, ಮೇಲೆ ಕಂದು ಹಕ್ಕಳೆ ಕಟ್ಟುತ್ತದೆ. ಬಿರಿದ ಚರ್ಮದ ಮೂಲಕ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಹೆಚ್ಚಾಗಿ ಕಾಣುವುದು ಸ್ಟ್ಯಾಫಿಲೋಕಾಕಸ್. ನಾಲ್ಕನೆಯದರಲ್ಲಿ ಸೋಂಕು ಸ್ನಾಯುರಜ್ಜುವಿಗೆ, ಮೂಳೆಗೆ ಇಳಿಯುತ್ತದೆ. ಈ ಪ್ರಾಣಿಗಳ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಗಟ್ಟಿ ಬೆಣ್ಣೆಯ ಹಾಗೆ ಒಳಗೇ ಕೂತಿರುತ್ತದೆ. ವರ್ಷಾನುಗಟ್ಟಲೆ ಹಾಗೇ ಬಿಟ್ಟರೆ ಕೆಡುಕು ಪಾದದಲ್ಲಿ ನಿಲ್ಲುವುದೂ ಇಲ್ಲ. ಬಹುಕಾಲದ ಉರಿಯೂತದಿಂದ ಅಮೈಲಾಯ್ಡ್ ಎಂಬ ಪ್ರೋಟೀನು ಮೂತ್ರಪಿಂಡ, ಯಕೃತ್ತುಗಳಲ್ಲಿ ಸೇರಿಕೊಂಡು ಅವೂ ಸೋಲುತ್ತವೆ.

ಕಪ್ಪು ಪಾದದ ಪ್ರಾಣಿ ಇದ್ದವರು ಒಂದು ವಿಷಯ ಗಮನಿಸಿ. ಕೆಂಪು ನಿಮಗೆ ಕಾಣಿಸುವುದಿಲ್ಲ. ಎಡ ಬಲ ಎರಡೂ ಪಾದಗಳನ್ನು ಜೊತೆಗಿಟ್ಟು ದಪ್ಪ, ಬಿಸಿ ಹೋಲಿಸಿ ನೋಡಿ. ಹೋಲಿಕೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಲು ನೆಲ, ಆಮೇಲೆ ಕಾಲು

ಕೆಲವು ವರ್ಷಗಳ ಹಿಂದೆ ಠಾಣೆಯ ನನ್ನ ಕ್ಲಿನಿಕ್ಕಿಗೆ ಗದಗದ ಕಡೆಯ ಒಂದು ಕುಟುಂಬ ಬಂತು. ಮಗ, ಸೊಸೆ, ಮೊಮ್ಮಗಳು, ಜೊತೆಗೆ ಊರಿಂದ ಬಂದಿದ್ದ ಅಜ್ಜಿ. ಮೊಮ್ಮಗಳ ತೊಡೆಯ ಮೇಲಿನ ಬುಟ್ಟಿಯಲ್ಲಿ ಲಡ್ಡು ಎಂಬ ಕಂದು ಬಣ್ಣದ ಗಿನಿಪಿಗ್. ಮಗ ಮುಜುಗರದಿಂದಲೇ ಶುರುಮಾಡಿದರು. 'ಏನೂ ಆಗಿಲ್ಲ ಡಾಕ್ಟ್ರೇ, ಚೆನ್ನಾಗೇ ತಿಂತಾ ಇದೆ. ಅವ್ವ ಬಿಡಲಿಲ್ಲ, ಅದಕ್ಕೆ ಬಂದ್ವಿ.'

ಅಜ್ಜಿ ನನ್ನತ್ತ ತಿರುಗಿದರು. 'ನಾ ಬಂದು ಎಂಟು ದಿನ ಆತ್ರಿ. ದಿನಾ ನೋಡಾಕತ್ತೀನಿ. ಇದರ ನಡಿಗಿ ಬ್ಯಾರೆ ಆಗೇದ. ಹಿಂಗಾಲು ಪೂರಾ ಊರೂದಿಲ್ಲ. ಮ್ಯಾಲೆ ನಿಂತ ನೋಡಿದ್ರ ಗೊತ್ತಾಗೂದಿಲ್ರಿ, ಕೆಳಗ ಕುಂತ ನೋಡಬೇಕು.'

ಬುಟ್ಟಿಯಿಂದ ಎತ್ತಿ ಅಂಗಾಲು ತಿರುಗಿಸಿದೆ. ಎರಡೂ ಹಿಂಗಾಲು ಕೆಂಪು, ಆದರೆ ಚರ್ಮ ಎಲ್ಲೂ ಬಿರಿದಿರಲಿಲ್ಲ. ಗೂಡು ಎಂಥದ್ದು ಎಂದು ಕೇಳಿದೆ. ಮಗ ಫೋನಿನಲ್ಲಿ ಫೋಟೊ ತೋರಿಸಿದರು. ಅಂಗಡಿಯವರು ಕೊಟ್ಟ ಗೂಡು, ಕೆಳಗೆ ತಂತಿಯ ಜಾಲರಿ. ಹಿಕ್ಕೆ, ಮೂತ್ರ ಕೆಳಗಿನ ತಟ್ಟೆಗೆ ಬೀಳುವುದರಿಂದ ಸ್ವಚ್ಛವಾಗಿರುತ್ತದೆ ಎಂದು ಹೇಳಿ ಮಾರಿದ್ದರಂತೆ. ಅಜ್ಜಿ ಫೋಟೊ ನೋಡಿ ಅಂದರು: 'ನಮ್ಮ ಮನ್ಯಾಗ ಎತ್ತು ಕುಂಟಿದ್ರ ನಮ್ಮ ಮಾವನವರು ಮದಲ ಕೊಟಗಿ ನೆಲ ನೋಡತಿದ್ರು, ಆಮ್ಯಾಲೆ ಕಾಲು.'

ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಒಂದು ವಾಕ್ಯಕ್ಕೆ ಇಳಿಸಿದ ಹಾಗಿತ್ತು ಆ ಮಾತು. ಬಂಬಲ್‌ಫುಟ್ ಪಾದದಲ್ಲಿ ಕಾಣಿಸಿಕೊಳ್ಳುವ ಕಾಯಿಲೆ ನಿಜ, ಆದರೆ ಅದು ಹುಟ್ಟುವುದು ಬಹುಮಟ್ಟಿಗೆ ನೆಲದಲ್ಲಿ. ಲಡ್ಡುವಿನ ಜಾಲರಿಯ ಮೇಲೆ ಪ್ಲಾಸ್ಟಿಕ್ ಹಲಗೆ ಹಾಕಿಸಿ, ಅದರ ಮೇಲೆ ದಪ್ಪ ಮೆತ್ತೆ ಹಾಸಿಸಿದೆವು. ಮೂರು ವಾರಕ್ಕೆ ಕೆಂಪು ಇಳಿಯಿತು. ಮುಲಾಮು, ಮಾತ್ರೆ ಯಾವುದೂ ಬೇಕಾಗಲಿಲ್ಲ.

ಎಲ್ಲವೂ ಹೀಗೆ ಮುಗಿಯುವುದಿಲ್ಲ. ಅದೇ ವರ್ಷ ಇನ್ನೊಂದು ಮನೆಯವರು ನಾಲ್ಕು ವರ್ಷದ ಹೆಣ್ಣು ಗಿನಿಪಿಗ್ ತಂದರು. ತೂಕ ಒಂದು ಕಿಲೋ ನಾನೂರು ಗ್ರಾಂ. ಗೂಡಿನಲ್ಲಿ ಮರದ ಹೊಟ್ಟು ಹಾಸಿದ್ದರು, ವಾರಕ್ಕೊಮ್ಮೆ ಬದಲಿಸುತ್ತಿದ್ದರು. ಪ್ರೀತಿಯಿಂದಲೇ ಸಾಕಿದ್ದರು, ಸಂಶಯವಿಲ್ಲ. ಎರಡು ದಿನದಿಂದ ತಿನ್ನುವುದು ನಿಲ್ಲಿಸಿದ್ದಕ್ಕೆ ಬಂದಿದ್ದರು. ಹಿಂಗಾಲುಗಳು ಗಜ್ಜುಗದ ಕಾಯಿಯಂತೆ ಊದಿದ್ದವು. ಎಕ್ಸ್‌ರೇಯಲ್ಲಿ ಎರಡೂ ಪಾದದ ಮೂಳೆಗಳು ಹುಳ ತಿಂದ ಮರದಂತೆ ಕಂಡವು. ತಿಂಗಳುಗಟ್ಟಲೆ ಬ್ಯಾಂಡೇಜು, ಚುಚ್ಚುಮದ್ದು, ಆಮೇಲೂ ನೋವಿಲ್ಲದ ಬದುಕಿನ ಭರವಸೆ ಇಲ್ಲ. ಅವರು ಒಂದು ರಾತ್ರಿ ಯೋಚಿಸಿ, ಮರುದಿನ ಬೆಳಿಗ್ಗೆ ಅದನ್ನು ನೋವಿನಿಂದ ಬಿಡಿಸಿ ಕಳಿಸಲು ಒಪ್ಪಿದರು. ಆ ಮನೆಯ ಹುಡುಗ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: 'ಅಂಕಲ್, ಇಷ್ಟು ನೋವಿದ್ರೂ ಅದು ದಿನಾ ನನ್ನ ಕೈಯಿಂದ ಕೊತ್ತಂಬರಿ ತಿಂತಿತ್ತಲ್ಲ?' ಹೌದು, ತಿನ್ನುತ್ತದೆ. 'ತಿನ್ನುತ್ತಿದೆ, ಹಾಗಾಗಿ ಚೆನ್ನಾಗಿದೆ' ಎಂಬ ಲೆಕ್ಕ ಈ ಪ್ರಾಣಿಯಲ್ಲಿ ನಡೆಯುವುದಿಲ್ಲ.

ನಾಲ್ಕು ಕಾರಣ

ಎರಡೂ ಪ್ರಾಣಿಗಳಲ್ಲಿ ಕಂಡ ಕಾರಣಗಳನ್ನು, ಉಳಿದವುಗಳ ಜೊತೆಗೆ, ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಗಡಸು, ಒರಟು ನೆಲ. ತಂತಿ ಜಾಲರಿ ಬೇಡವೇ ಬೇಡ. ಅದರ ಸಂದಿಯಲ್ಲಿ ಉಗುರು, ಬೆರಳು ಸಿಕ್ಕಿ ಕಾಲೇ ಮುರಿಯಬಹುದು. ಗಟ್ಟಿ ತಳ, ಅದರ ಮೇಲೆ ನೀರು ಹೀರುವ ಒಂದು ಪದರ, ಮೇಲೆ ಮೆತ್ತನೆಯ ಫ್ಲೀಸ್ ಬಟ್ಟೆ, ಇಲ್ಲವೇ ಕಾಗದದಿಂದ ಮಾಡಿದ ಹಾಸು. ಮನೆಯಲ್ಲಿರುವ ಹಳೆಯ ಬಟ್ಟೆ ಬಳಸುವುದು ತಪ್ಪಲ್ಲ, ಆದರೆ ಎರಡು ಎಚ್ಚರಿಕೆ: ಟರ್ಕಿ ಟವೆಲ್ಲಿನ ಎಳೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ, ಅಂಚು ಬಿಚ್ಚಿದ ಹಳೇ ಸೀರೆ, ಪಂಚೆಗಳ ದಾರ ಬೆರಳಿಗೆ ಸುತ್ತಿಕೊಂಡು ರಕ್ತ ಹರಿಯುವುದನ್ನೇ ನಿಲ್ಲಿಸಬಹುದು. ಒಂದು ಬೆರಳು ಮಾತ್ರ ಊದಿ ನೀಲಿಗಟ್ಟಿದ್ದರೆ ಮೊದಲು ದಾರವನ್ನೋ ತಲೆಗೂದಲನ್ನೋ ಹುಡುಕಿ.

ಎರಡನೆಯದು ತೇವ. ಮೂತ್ರದಲ್ಲಿ ನೆನೆದ ಚರ್ಮ ಬೇಗ ಬಿರಿಯುತ್ತದೆ. ಇದರಲ್ಲಿ ನಾವಿರುವ ಊರುಗಳ ಹವೆಯೂ ಸೇರಿಕೊಳ್ಳುತ್ತದೆ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೂಡಿನ ಹಾಸು ಎಲ್ಲಿ ಒಣಗೀತು? ಚೆನ್ನೈಯವರಿಗೆ ಈ ಪಾಡು ಅಕ್ಟೋಬರ್‌ನಿಂದ ಡಿಸೆಂಬರ್. ಆ ತಿಂಗಳುಗಳಿಗೆ ಹಾಸಿನ ಎರಡು ಜೊತೆ ಸಾಲದು, ನಾಲ್ಕು ಇಟ್ಟುಕೊಳ್ಳಿ. ಒದ್ದೆಯಾದ ಮೂಲೆಯನ್ನು ದಿನಕ್ಕೊಮ್ಮೆ ತೆಗೆಯಿರಿ. ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿಯಾದರೂ ಸರಿ, ಒಣ ಬಟ್ಟೆಯನ್ನೇ ಹಾಸಿ. ಹೈದರಾಬಾದಿನ ಬೇಸಿಗೆಯಲ್ಲಿ ಗಿನಿಪಿಗ್ಗನ್ನು ತಂಪಿಗೆಂದು ಟೈಲ್ಸಿನ ಮೇಲೆ ಬಿಡುತ್ತಾರೆ. ಅರ್ಧ ಗಂಟೆ ಬಿಟ್ಟರೆ ಅಡ್ಡಿಯಿಲ್ಲ, ಇಡೀ ದಿನ ಅಲ್ಲೇ ಇದ್ದರೆ ಜಾರುವ ಗಡಸು ನೆಲ ಪಾದಕ್ಕೆ ಭಾರ.

ಮೂರನೆಯದು ತೂಕ ಮತ್ತು ಉಗುರು. ದೊಡ್ಡ ಗಿನಿಪಿಗ್ ಸುಮಾರು 700ರಿಂದ 1200 ಗ್ರಾಂ ತೂಗಬೇಕು. ಕಾಳು, ಬಿಸ್ಕತ್ತು, ಚಪಾತಿ ಚೂರು ಎಂದು ಕೊಟ್ಟರೆ ತೂಕ ಏರುತ್ತದೆ, ಓಡಾಟ ಇಳಿಯುತ್ತದೆ, ಭಾರವೆಲ್ಲ ಹಿಮ್ಮಡಿಗೆ. ಅದರ ಆಹಾರದ ಬಹುಪಾಲು ಹುಲ್ಲೇ ಆಗಿರಬೇಕು. ಪೊಟ್ಟಣದ ಹುಲ್ಲು ದುಬಾರಿ ಎನಿಸಿದವರಿಗೆ ಒಂದು ಮಾತು: ಗಣಪತಿಗೆ ಏರಿಸುವ ಗರಿಕೆ ಗಿನಿಪಿಗ್ಗಿಗೂ ಪ್ರಿಯವೇ. ಹೂವಿನ ಮಾರುಕಟ್ಟೆಯಿಂದ ತಂದರೆ ಚೆನ್ನಾಗಿ ತೊಳೆದು ನೀರಾರಿಸಿ ಕೊಡಿ. ಒಮ್ಮೆಲೇ ರಾಶಿ ಹಾಕದೆ ಸ್ವಲ್ಪಸ್ವಲ್ಪ ರೂಢಿಮಾಡಿಸಿ.

ಉಗುರು ಬೆಳೆದು ಬಾಗಿದರೆ ಬೆರಳು ಒಂದು ಕಡೆ ಓರೆಯಾಗಿ, ಪಾದದ ಭಾರ ಹಿಂದಕ್ಕೆ ಸರಿಯುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ತುದಿ ಕತ್ತರಿಸಬೇಕು. ಬಿಳಿ ಉಗುರಿನಲ್ಲಿ ಒಳಗಿನ ರಕ್ತನಾಳ ಗುಲಾಬಿ ಗೆರೆಯಾಗಿ ಕಾಣುತ್ತದೆ; ಕಪ್ಪು ಉಗುರಾದರೆ ಹಿಂದಿನಿಂದ ಫೋನಿನ ಟಾರ್ಚು ಹಿಡಿಯಿರಿ. ನಾಳಕ್ಕೆ ತಾಗಿ ರಕ್ತ ಬಂದರೆ ಗಾಬರಿ ಬೇಡ. ಕಾರ್ನ್‌ಫ್ಲೋರ್ ಒತ್ತಿ ಹಿಡಿದರೆ ನಿಲ್ಲುತ್ತದೆ.

ನಾಲ್ಕನೆಯದು ವಿಟಮಿನ್ ಸಿ. ನಾಯಿ, ಬೆಕ್ಕು, ದನಗಳ ದೇಹ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯರಿಗೂ ಗಿನಿಪಿಗ್ಗಿಗೂ ಆ ಶಕ್ತಿ ಇಲ್ಲ. ಈ ವಿಟಮಿನ್ ಕಡಿಮೆಯಾದರೆ ಚರ್ಮದ ಗಾಯ ಮಾಯುವುದಿಲ್ಲ, ಕೀಲುಗಳು ಊದಿ ನೋಯುತ್ತವೆ, ವಸಡಿನಲ್ಲಿ ರಕ್ತ ಒಸರುತ್ತದೆ. ಪಾದ ಸರಿಯಾಗಿದ್ದೂ ನಡೆಯಲು ಹಿಂಜರಿಯುವ ಗಿನಿಪಿಗ್ಗಿಗೆ ಎಷ್ಟೋ ಸಲ ಇದೇ ಕೊರತೆ. ದಿನಕ್ಕೆ ಮೈತೂಕದ ಕಿಲೋಗೆ 10ರಿಂದ 30 ಮಿಲಿಗ್ರಾಂ ಬೇಕು. ನೀರಿಗೆ ಬೆರೆಸಿ ಕೊಡುವ ಹನಿಗಳನ್ನು ನಂಬಬೇಡಿ, ನೀರಿನಲ್ಲಿ ಅದು ಬೇಗ ನಾಶವಾಗುತ್ತದೆ. ಪೊಟ್ಟಣದ ಆಹಾರದಲ್ಲೂ ತಿಂಗಳು ಕಳೆದಂತೆ ಕಡಿಮೆಯಾಗುತ್ತದೆ. ನಮ್ಮ ತರಕಾರಿ ಬುಟ್ಟಿಯೇ ಸಾಕು: ದಿನಕ್ಕೊಂದು ಹೋಳು ದೊಣ್ಣೆ ಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಸೊಪ್ಪು, ಆಗಾಗ ಸೀಬೆಯ ಸಣ್ಣ ತುಂಡು. ನಮ್ಮ ಉತ್ತರದವರು ಪೇರಲ ಅನ್ನುವ ಈ ಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚು ವಿಟಮಿನ್ ಸಿ ಇದೆ.

ನೋಡುವುದು ಹೇಗೆ?

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ನೆಲದ ಮೇಲೆಯೇ ಕೂರಿ. ಸೋಫಾ, ಕುರ್ಚಿ ಬೇಡ, ಕೈಜಾರಿ ಬಿದ್ದರೆ ಕಾಲು ಮುರಿಯುತ್ತದೆ. ಮಡಿಲಲ್ಲಿ ಒಂದು ಬಟ್ಟೆ ಹಾಸಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಎತ್ತಿ, ಬೆನ್ನು ನಿಮ್ಮ ಹೊಟ್ಟೆಗೆ ಒರಗುವಂತೆ ಕೂರಿಸಿಕೊಳ್ಳಿ. ಮಗುವಿನ ಕೈಯಲ್ಲಿ ಕೊತ್ತಂಬರಿ ಕೊಟ್ಟು ತಿನ್ನಿಸಲು ಹೇಳಿ. ಆ ಅರ್ಧ ನಿಮಿಷದಲ್ಲಿ ನಾಲ್ಕೂ ಅಂಗಾಲು ನೋಡಿ, ಬೆರಳ ಸಂದಿ ನೋಡಿ, ಉಗುರು ನೋಡಿ. ಫೋಟೊ ತೆಗೆದಿಡಿ. ಹೋದ ವಾರದ ಫೋಟೊದ ಪಕ್ಕ ಈ ವಾರದ್ದು ಇಟ್ಟರೆ ನೆನಪಿಗಿಂತ ಚೆನ್ನಾಗಿ ಸತ್ಯ ಹೇಳುತ್ತದೆ.

ಎತ್ತಿಕೊಳ್ಳಲು ಬಿಡದ ಪ್ರಾಣಿಯಾದರೆ, ತಳ ಪಾರದರ್ಶಕವಾಗಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಟ್ಟು, ಇನ್ನೊಬ್ಬರು ಡಬ್ಬಿಯನ್ನು ಭದ್ರವಾಗಿ ಸ್ವಲ್ಪವೇ ಎತ್ತಿ ಹಿಡಿದಾಗ ಕೆಳಗಿನಿಂದ ಫೋಟೊ ತೆಗೆಯಿರಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಕವನ್ನೂ ಅದೇ ದಿನ ನೋಡಿ ಬರೆದಿಡಿ. ಒಂದೇ ವಾರದಲ್ಲಿ ಐವತ್ತು ಗ್ರಾಂಗಿಂತ ಹೆಚ್ಚು ಇಳಿದಿದ್ದರೆ ಏನೋ ಸರಿಯಿಲ್ಲ ಎಂದೇ ತಿಳಿಯಿರಿ.

ಇನ್ನು ದಿನನಿತ್ಯ ಗಮನಿಸಬೇಕಾದ್ದು. ಅಜ್ಜಿ ಹೇಳಿದ ಹಾಗೆ ಕೆಳಗೆ ಕೂತು ನೋಡಿ. ಹೆಜ್ಜೆ ತಡೆದು ತಡೆದು ಇಡುತ್ತಿದೆಯೇ? ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಿದೆಯೇ? ಬೆನ್ನು ಗೂನು ಮಾಡಿ, ರೋಮ ಕೆದರಿಕೊಂಡು ಕೂತಿದೆಯೇ? ಪಾದವನ್ನು ಪದೇಪದೇ ನೆಕ್ಕುತ್ತಿದೆಯೇ? ಮೊದಲು ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗೇ ಓಡಿಬರುತ್ತಿದ್ದುದು ಈಗ ಕೂತಲ್ಲಿಂದಲೇ ಕೂಗುತ್ತಿದೆಯೇ? ಇಂಥ ಯಾವುದು ಕಂಡರೂ ಅಂದೇ ಅಂಗಾಲು ತಿರುಗಿಸಿ.

ಕಂಡದ್ದೆಲ್ಲ ಬಂಬಲ್‌ಫುಟ್ ಅಲ್ಲ ಎಂಬುದೂ ಗೊತ್ತಿರಲಿ. ಮುಂಗಾಲಿನ ದಿಂಬಿನ ಪಕ್ಕದಲ್ಲಿ ಉಗುರಿನಂತೆ ಚಾಚಿಕೊಂಡ ಗಡಸು ಚರ್ಮದ ಚೂರು ಎಷ್ಟೋ ಗಿನಿಪಿಗ್‌ಗಳಿಗೆ ಬೆಳೆಯುತ್ತದೆ. ಅದು ಆಣಿಯ ಜಾತಿಯದು, ನೋವಿಲ್ಲ. ಎಳೆದು ಕೀಳಬೇಡಿ, ಉದ್ದವಾಗಿದ್ದರೆ ವೈದ್ಯರು ಉಗುರಿನ ಜೊತೆಗೆ ಕತ್ತರಿಸಿಕೊಡುತ್ತಾರೆ. ಮೂತಿ, ಕಿವಿ, ಪಾದಗಳ ಮೇಲ್ಭಾಗದಲ್ಲಿ ಕೂದಲುದುರಿ ದುಂಡಗೆ ಹೊಟ್ಟೆದ್ದಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಮಕ್ಕಳ ಚರ್ಮಕ್ಕೂ ಅಂಟುತ್ತದೆ, ಕೈ ತೊಳೆಯುವುದನ್ನು ಮರೆಯಬೇಡಿ. ಎರಡೂ ಹಿಂಗಾಲುಗಳನ್ನು ಎಳೆದುಕೊಂಡು ಹೋಗುತ್ತಿದ್ದರೆ ತೊಂದರೆ ಪಾದದ್ದಲ್ಲ, ಬೆನ್ನುಮೂಳೆಯದೋ ಇನ್ನೇನೋ. ತಡಮಾಡದೆ ವೈದ್ಯರಲ್ಲಿಗೆ ಓಡಿ.

ಮನೆಯ ಔಷಧಿ ಡಬ್ಬಿ ಮುಚ್ಚಿಡಿ

ಈ ಅಂಕಣದಲ್ಲಿ ಬೇರೇನು ಮರೆತರೂ ಇದೊಂದನ್ನು ನೆನಪಿಡಿ. ಕಾಲು ಊದಿದೆ ಎಂದು ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಸಿರಪ್ ಎರಡು ಹನಿ ಹಾಕಿದರೆ ಗಾಯದ ಮೇಲೆ ಬರೆ ಎಳೆದಂತೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಗಳು, ಕ್ಲಿಂಡಾಮೈಸಿನ್, ಎರಿತ್ರೋಮೈಸಿನ್ ಇವು ಬಾಯಿಯ ಮೂಲಕ ಹೋದರೆ ಗಿನಿಪಿಗ್ಗಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ವಿಷ ಉಗುಳುವವು ಬೆಳೆಯುತ್ತವೆ. ಕಾಲಿಗೆ ಕೊಟ್ಟ ಔಷಧಿಯಿಂದ ಪ್ರಾಣಿ ಕೆಲವೇ ದಿನಗಳಲ್ಲಿ ಭೇದಿಯಾಗಿ ಸಾಯಬಹುದು. ನಿಮ್ಮ ಮಗುವಿಗೆ ಎಷ್ಟು ಸೌಮ್ಯವಾದ ಔಷಧಿಯೋ ಅದಕ್ಕೆ ಅಷ್ಟೇ ಘಾತಕ. ನೋವಿನ ಮಾತ್ರೆಗಳೂ ಅಷ್ಟೇ, ಅಳತೆ ನಿಮಗೆ ಗೊತ್ತಾಗುವಂಥದ್ದಲ್ಲ. ನಮ್ಮ ಮುಲಾಮು ಹಚ್ಚಿದರೆ ಮರುಕ್ಷಣವೇ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ಹಕ್ಕಳೆಯನ್ನು ಕೀಳಬೇಡಿ, ಕೀವು ಹಿಂಡಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು, ಮೆತ್ತಗೆ ಒತ್ತಿ ಒಣಗಿಸಿ, ಒಣಗಿದ ಮೆತ್ತನೆಯ ಹಾಸಿನ ಮೇಲೆ ಬಿಡಿ. ಬರೀ ಕೆಂಪಾಗಿದ್ದರೆ ನೆಲ ಬದಲಿಸಿ ಒಂದು ವಾರ ಕಾದು ನೋಡಬಹುದು. ಊತ, ಹುಣ್ಣು, ಹಕ್ಕಳೆ, ರಕ್ತ ಯಾವುದೇ ಇದ್ದರೆ ಕಾಯಬೇಡಿ. ಅರ್ಧ ದಿನದಿಂದ ಏನೂ ತಿಂದಿಲ್ಲವಾದರೆ ಅದು ತುರ್ತು. ಹೊಟ್ಟೆ ಖಾಲಿಯಾದರೆ ಈ ಪ್ರಾಣಿಯ ಕರುಳೇ ನಿಂತುಹೋಗುತ್ತದೆ.

ಹೋಗುವ ಮೊದಲು ಫೋನ್ ಮಾಡಿ 'ನೀವು ಗಿನಿಪಿಗ್, ಮೊಲ ನೋಡುತ್ತೀರಾ?' ಎಂದು ಕೇಳಿ. ನಾಯಿ ಬೆಕ್ಕುಗಳನ್ನಷ್ಟೇ ನೋಡುವ ಕ್ಲಿನಿಕ್ಕುಗಳೇ ಹೆಚ್ಚು, ಹಾಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಮುಂಬೈಯಲ್ಲಿ ಪರೇಲ್, ಚೆನ್ನೈಯಲ್ಲಿ ವೇಪೇರಿ, ಹೈದರಾಬಾದಿನಲ್ಲಿ ರಾಜೇಂದ್ರನಗರದಲ್ಲಿ ಇಂಥ ಕಾಲೇಜುಗಳಿವೆ. ವಾರವಾರದ ಫೋಟೊ, ತೂಕದ ಚೀಟಿ, ಗೂಡಿನ ಒಂದು ಫೋಟೊ ಜೊತೆಗಿರಲಿ. ವೈದ್ಯರಿಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಡೇಗು ಸಾಕಿದವರಿಗೆ

ಪುಣೆಯ ಓದುಗರೊಬ್ಬರು ಜರ್ಮನಿಯಲ್ಲಿರುವ ಮಗಳ ಮನೆಯ ಡೇಗುಗಳ ಬಗ್ಗೆಯೂ ಕೇಳಿದ್ದಾರೆ. ಡೇಗು ಚಿಲಿ ದೇಶದ ಪ್ರಾಣಿ, ಗಿನಿಪಿಗ್ಗಿನ ದೂರದ ದಾಯಾದಿ. ನಮ್ಮಲ್ಲಿ ಅಪರೂಪ, ಯೂರೋಪಿನಲ್ಲಿ ಸಾಕುವವರಿದ್ದಾರೆ. ಅದರ ಅಂಗಾಲೂ ಬೋಳೇ, ಅದಕ್ಕೂ ಜಾಲರಿಯ ನೆಲದಿಂದ ಇದೇ ಹುಣ್ಣು ಬರುತ್ತದೆ. ಡೇಗು ಓಡುವ, ನೆಗೆಯುವ ಪ್ರಾಣಿಯಾದ್ದರಿಂದ ಗೂಡಿನಲ್ಲಿ ಚಕ್ರ ಇಡುತ್ತಾರೆ. ಆ ಚಕ್ರಕ್ಕೆ ಕಡ್ಡಿಗಳ ಬದಲು ಸಂದಿಲ್ಲದ ಗಟ್ಟಿ ಪಟ್ಟಿ ಇರಬೇಕು, ಇಲ್ಲವಾದರೆ ಕಾಲು ಸಿಕ್ಕಿ ಮುರಿಯುತ್ತದೆ. ಕಾಲು ನೋಡುವ ಅವಸರದಲ್ಲಿ ಬಾಲ ಹಿಡಿಯಬೇಡಿ. ಅದರ ಬಾಲದ ಚರ್ಮ ಕೈಗೇ ಕಳಚಿ ಬರುತ್ತದೆ, ಮತ್ತೆ ಬೆಳೆಯುವುದಿಲ್ಲ. ಅದಕ್ಕೆ ಮೇಲೆ ಹೇಳಿದ ಪಾರದರ್ಶಕ ಡಬ್ಬಿಯೇ ಸೂಕ್ತ. ಜೊತೆಗೆ, ಡೇಗುಗಳಿಗೆ ಸಕ್ಕರೆ ಕಾಯಿಲೆ ಸುಲಭವಾಗಿ ಬರುತ್ತದೆ. ಹಾಗಾಗಿ ಮೇಲೆ ಹೇಳಿದ ಹಣ್ಣಿನ ತುಂಡು ಅದಕ್ಕೆ ಬೇಡ, ಹುಲ್ಲು ಸೊಪ್ಪೇ ಸಾಕು.

ಮಕ್ಕಳಿರುವ ಮನೆಯವರಿಗೆ ಕೊನೆಗೊಂದು ಮಾತು. ಭಾನುವಾರದ ಈ ಐದು ನಿಮಿಷದ ಕೆಲಸವನ್ನು ಮಕ್ಕಳ ಜೊತೆ ಸೇರಿಯೇ ಮಾಡಿ. ತೂಕ ಬರೆಯುವ ಪುಸ್ತಕ ಅವರದಾಗಲಿ. ಹೇಳಲು ಬಾರದವರ ನೋವನ್ನು ಕೇಳಿ ತಿಳಿಯಲಾಗದು, ನೋಡಿಯೇ ತಿಳಿಯಬೇಕು ಎಂಬುದನ್ನು ಗಿನಿಪಿಗ್ಗಿನಷ್ಟು ಚೆನ್ನಾಗಿ ಕಲಿಸುವ ಗುರು ಫ್ಲ್ಯಾಟಿನಲ್ಲಿ ಬೇರೆ ಸಿಗುವುದಿಲ್ಲ.

ಮುಂದಿನ ತಿಂಗಳು ಮೊಲದ ಹಲ್ಲಿನ ವಿಚಾರ. ಅಲ್ಲಿಯವರೆಗೆ ನಿಮ್ಮ ಪತ್ರಗಳಿಗೆ ಕಾಯುತ್ತಿರುತ್ತೇನೆ. ಫೋಟೊ ಕಳಿಸುವವರು ಮುಖದ ಫೋಟೊ ಜೊತೆಗೆ ಅಂಗಾಲಿನದ್ದೂ ಕಳಿಸಿ.